ಹಳೇ ಹ್ಯಾಲೋಜನ್, ಸೋಡಿಯಂ ಲೈಟ್ ತೆಗೆದು ಎಲ್‌ಇಡಿ ಹಾಕಬೇಕು, ಎಲ್ಲಿಂದ ಶುರು ಮಾಡಲಿ?

ಹಿತ್ತಲಬಾಗಿಲು:

ನಮಸ್ಕಾರ ಎಲ್ಲರಿಗೂ. ಮನೆ ಹೊರಗಡೆ ರಾತ್ರಿ ಕಾವಲಿಗೆ ಅಂತ ಹಾಕಿಸಿದ ಲೈಟುಗಳೆಲ್ಲ ತುಂಬಾ ಹಳೆಯವು. ಮುಂದೆ ಗೇಟಿನ ಕಡೆಗೆ 500 ವಾಟಿನ ಹ್ಯಾಲೋಜನ್ ಎರಡಿವೆ, ಆ ಉದ್ದನೆ ಕಡ್ಡಿಯಂಥ ಬಲ್ಬಿನವು. ಎರಡಕ್ಕೂ ಸೇರಿ ಒಂದೇ ಸೆನ್ಸರ್, ಯಾರಾದರೂ ಓಡಾಡಿದರೆ ಮಾತ್ರ ಹತ್ತುತ್ತವೆ. ಹಿಂದುಗಡೆ ಕಂಬದ ಮೇಲೆ 70 ವಾಟಿನ ಸೋಡಿಯಂ ಲೈಟ್, ಅದು ಸಂಜೆಯಿಂದ ಬೆಳಗಿನವರೆಗೆ ಉರಿಯುತ್ತದೆ. ಈಗ ಅದಕ್ಕೊಂದು ರೋಗ ಬಂದಿದೆ. ಹತ್ತುತ್ತದೆ, ಸ್ವಲ್ಪ ಹೊತ್ತು ಚೆನ್ನಾಗಿ ಉರಿದು ತಾನಾಗಿಯೇ ಆರುತ್ತದೆ, ಆಮೇಲೆ ಮತ್ತೆ ಹತ್ತುತ್ತದೆ. ರಾತ್ರಿಯೆಲ್ಲ ಇದೇ ಕಥೆ.

ಕರೆಂಟ್ ಜಾಸ್ತಿ ಎಳೆಯೋದು ಹ್ಯಾಲೋಜನ್ನೇ ಅಲ್ವಾ, ಹಾಗಾಗಿ ಮೊದಲು ಅವನ್ನು ತೆಗೆಯೋಣ ಅಂತ ಯೋಚನೆ. ಎಷ್ಟು ವಾಟಿನ ಎಲ್‌ಇಡಿ ಬೇಕು? ಪರಿಚಯದವರೊಬ್ಬರು ಸುಮ್ನೆ 200 ವಾಟಿನದೇ ಹಾಕಿಬಿಡಿ ಅಂತಾರೆ. ಹಳೇ ಸೆನ್ಸರ್ ಇಟ್ಟುಕೊಳ್ಳಬಹುದಾ? ಸೋಡಿಯಂ ಹೋಲ್ಡರಿಗೆ ಎಲ್‌ಇಡಿ ಬಲ್ಬ್ ತಿರುಗಿಸಿದರೆ ಆಯ್ತಾ? ಬಿಳಿ ಬೆಳಕು ಒಳ್ಳೇದೋ ಹಳದಿಯೋ?

ಮೀಟರ್‌ಬೋರ್ಡ್:

ಮೊದಲು ಸೋಡಿಯಂ ತೆಗೀರಿ. ವಾಟ್ ಒಂದೇ ನೋಡಿದರೆ ಹ್ಯಾಲೋಜನ್ ರಾಕ್ಷಸನ ಥರ ಕಾಣುತ್ತದೆ ನಿಜ, ಆದರೆ ಬಿಲ್ ಬರೋದು ಎಷ್ಟು ಹೊತ್ತು ಉರಿಯಿತು ಅನ್ನೋದರ ಮೇಲೆ. ಎರಡು ಹ್ಯಾಲೋಜನ್ ಸೇರಿ 1000 ವಾಟ್, ಪೂರ್ತಿ ಒಂದು ಗಂಟೆ ಉರಿದರೆ ಒಂದು ಯೂನಿಟ್. ಸೆನ್ಸರ್ ಮೇಲೆ ಒಂದು ರಾತ್ರಿಗೆ ಅವು 15 ನಿಮಿಷ ಉರಿದರೆ ಕಾಲು ಯೂನಿಟ್ ಅಷ್ಟೇ. ಸೋಡಿಯಂ ಹೆಸರಿಗೆ 70 ವಾಟ್. ಅದರ ಚೋಕ್ ತಿನ್ನೋದು ಸೇರಿಸಿದರೆ 80-85 ವಾಟ್ ಆಗುತ್ತದೆ. ಅದು 12 ಗಂಟೆ ಉರಿದರೆ ಹೆಚ್ಚುಕಮ್ಮಿ ಒಂದು ಯೂನಿಟ್, ದಿನಾಲೂ. ಅದೇ ಜಾಗದಲ್ಲಿ 30 ವಾಟಿನ ಎಲ್‌ಇಡಿ ರಾತ್ರಿಯಿಡೀ ಉರಿದರೂ 0.36 ಯೂನಿಟ್. ತಿಂಗಳಿಗೆ 30 ಯೂನಿಟ್ ಹೋಗೋ ಕಡೆ 11.

ಇನ್ನು ಹ್ಯಾಲೋಜನ್ ಜಾಗಕ್ಕೆ ಎಷ್ಟು ಅಂದರೆ, ವಾಟ್ ಮರೆತು ಲ್ಯೂಮೆನ್, ಅಂದರೆ ಬಲ್ಬ್ ಕೊಡೋ ಬೆಳಕಿನ ಅಳತೆ ನೋಡಿ. 500 ವಾಟಿನ ಕಡ್ಡಿ ಬಲ್ಬ್ ಸುಮಾರು 9,000ದಿಂದ 10,000 ಲ್ಯೂಮೆನ್ ಕೊಡುತ್ತದೆ. ಎಲ್‌ಇಡಿ ಒಂದು ವಾಟಿಗೆ 100 ಲ್ಯೂಮೆನ್ ಅಂತ ಹಿಡಿದರೆ ಸರಿಸಮ ಬೇಕು ಅಂದರೂ 100 ವಾಟ್ ಸಾಕು. ಆದರೆ ಅಷ್ಟು ಬೆಳಕು ಗೇಟಿಗೆ ಯಾಕೆ ಬೇಕು ಹೇಳಿ? ಕಡ್ಡಿ ಬಲ್ಬಿನ ಬೆಳಕು ಸುತ್ತಲೂ ಚೆಲ್ಲಿ, ಸುಮಾರು ಭಾಗ ರಿಫ್ಲೆಕ್ಟರಿನಲ್ಲೇ ವ್ಯರ್ಥವಾಗಿ, ಇನ್ನಷ್ಟು ಆಕಾಶಕ್ಕೂ ಎದುರುಮನೆ ಕಿಟಕಿಗೂ ಹೋಗುತ್ತದೆ. ಎಲ್‌ಇಡಿ ತಿರುಗಿಸಿದ ಕಡೆಗೇ ಬೀಳುತ್ತದೆ. 30ರಿಂದ 50 ವಾಟಿನದು ಒಂದೊಂದು ಕಡೆಗೆ ಧಾರಾಳ. 200 ವಾಟ್ ಆಟದ ಮೈದಾನಕ್ಕೆ ಇರಲಿ.

ಚೋಕ್‌ಕಟ್ಟೆ:

ಹತ್ತಿ ಆರಿ ಹತ್ತೋದು ಸೋಡಿಯಂ ಬಲ್ಬಿನ ಕೊನೆಗಾಲ. ಹಳತಾದಂತೆ ಬಲ್ಬಿಗೆ ಬೇಕಾಗೋ ವೋಲ್ಟೇಜ್ ಏರುತ್ತಾ ಹೋಗುತ್ತದೆ, ಚೋಕ್ ಅಷ್ಟು ಕೊಡಲಾರದೆ ಬಲ್ಬ್ ಆರುತ್ತದೆ, ತಣ್ಣಗಾದ ಮೇಲೆ ಇಗ್ನೈಟರ್ ಮತ್ತೆ ಹೊತ್ತಿಸುತ್ತದೆ.

ಆ ಹೋಲ್ಡರಿಗೆ ಸಾಧಾರಣ ಎಲ್‌ಇಡಿ ಬಲ್ಬನ್ನು ನೇರವಾಗಿ ಹಾಕಲೇಬೇಡಿ!! ಇಗ್ನೈಟರ್ ಬಿಡೋದು ಸಾವಿರಾರು ವೋಲ್ಟಿನ ಹೊಡೆತ. ಎಲ್‌ಇಡಿ ಒಳಗಿನ ಡ್ರೈವರ್ (ಅದಕ್ಕೆ ಬೇಕಾದ ಹಾಗೆ ಕರೆಂಟ್ ಹದ ಮಾಡಿ ಕೊಡೋ ಸರ್ಕ್ಯೂಟ್) ಅದನ್ನು ತಡೆಯೋದಿಲ್ಲ. ಚೋಕ್, ಇಗ್ನೈಟರ್, ಕೆಪಾಸಿಟರ್ ಮೂರನ್ನೂ ಲೈನಿನಿಂದ ಬಿಡಿಸಿ ಫೇಸ್ ಮತ್ತು ನ್ಯೂಟ್ರಲ್ ನೇರ ಹೋಲ್ಡರಿಗೆ ಕೊಡಬೇಕು. ಫೇಸ್ ಹೋಲ್ಡರಿನ ನಡುವಿನ ತಗಡಿಗೆ ಬರಬೇಕು, ಬಲ್ಬ್ ತಿರುಗಿಸೋ ಸುತ್ತಿನ ಲೋಹದ ಭಾಗಕ್ಕೆ ಅಲ್ಲ. ಮೈನ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು, ಕೈ ಹಾಕೋಕೆ ಅವಸರ ಬೇಡ. ಕಂಬ ಹತ್ತೋ ಕೆಲಸ ಬೇರೆ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸೋದೇ ವಾಸಿ.

ಆದರೂ ನನ್ನ ಮಾತು ಕೇಳಿದರೆ ಬಲ್ಬ್ ಬದಲಾಯಿಸೋ ಯೋಚನೆ ಬಿಟ್ಟು ಇಡೀ ಫಿಟಿಂಗ್ ಬದಲಾಯಿಸಿ. ಗಾಜು ಮುಚ್ಚಿದ ಹಳೇ ಡಬ್ಬಿಯೊಳಗೆ ಎಲ್‌ಇಡಿ ಬಲ್ಬಿನ ಶಾಖ ಹೊರಗೆ ಹೋಗೋಕೆ ದಾರಿ ಇರಲ್ಲ. ಸಾಮಾನ್ಯವಾಗಿ ಮೊದಲು ಹೋಗೋದು ಎಲ್‌ಇಡಿ ಚುಕ್ಕೆಗಳಲ್ಲ, ಡ್ರೈವರ್. ಕಡ್ಡಿ ಹ್ಯಾಲೋಜನ್ ಜಾಗಕ್ಕೆ ಬರೋ ಎಲ್‌ಇಡಿ ಕಡ್ಡಿಗಳೂ ಅಷ್ಟೇ. ದಪ್ಪ ಜಾಸ್ತಿ, ಎಷ್ಟೋ ಫಿಟಿಂಗಿನಲ್ಲಿ ಗಾಜೇ ಮುಚ್ಚೋದಿಲ್ಲ. ಗಾಜು ಮುಚ್ಚದಿದ್ದರೆ ಮಳೆ ನೀರು ಒಳಗೆ.

ತೆಗೆದ ಸೋಡಿಯಂ ಬಲ್ಬನ್ನು ಕಸದ ಬುಟ್ಟಿಗೆ ಹಾಕಬೇಡಿ, ಒಳಗೆ ಸ್ವಲ್ಪ ಪಾದರಸ ಇರುತ್ತದೆ. ಒಡೆಯದ ಹಾಗೆ ಇ-ತ್ಯಾಜ್ಯಕ್ಕೆ ಕೊಡಿ.

ಕತ್ತಲಪ್ರಿಯ:

ಸೆನ್ಸರ್ ವಿಷಯ ಯಾರೂ ಹೇಳಲಿಲ್ಲ. ಅದರ ಮೇಲೆ 1000 ವಾಟ್ ಅಂತ ಬರೆದಿದ್ದರೆ ಅದು ಹ್ಯಾಲೋಜನ್ ಲೆಕ್ಕ. ಎಲ್‌ಇಡಿಗೆ ಅದರ ಒಂದು ಸಣ್ಣ ಪಾಲು ಮಾತ್ರ. ಎಲ್‌ಇಡಿ ಡ್ರೈವರ್ ಹತ್ತುವ ಕ್ಷಣದಲ್ಲಿ ಗಪ್ ಅಂತ ಭಾರಿ ಕರೆಂಟ್ ಎಳೆಯುತ್ತದೆ, ಸೆನ್ಸರ್ ಒಳಗೆ ಸ್ವಿಚ್ ಕೆಲಸ ಮಾಡೋ ರಿಲೇ ಪಾಯಿಂಟ್ ಸುಟ್ಟು ಅಂಟಿಕೊಂಡರೆ ಲೈಟ್ ಆರೋದೇ ಇಲ್ಲ. ಎರಡೇ ತಂತಿಯ ಸೆನ್ಸರ್ ಆಗಿದ್ದರೆ ಇನ್ನೊಂದು ಕಿರಿಕಿರಿ. ನ್ಯೂಟ್ರಲ್ ಇಲ್ಲದೆ ಅದು ಲೈಟಿನ ಮೂಲಕವೇ ತನಗೆ ಬೇಕಾದ ಕರೆಂಟ್ ತಗೊಳ್ಳುತ್ತದೆ, ಎಲ್‌ಇಡಿ ಮಿಣಮಿಣ ಅನ್ನುತ್ತದೆ. ಮೂರು ತಂತಿಯ ಹೊಸ ಸೆನ್ಸರ್ ಹಾಕಿ, ಎಲ್‌ಇಡಿ ಲೋಡ್ ಎಷ್ಟು ಅಂತ ಬೇರೆಯಾಗಿ ಬರೆದಿದೆಯಾ ನೋಡಿ.

ಇಡೋ ಜಾಗವೂ ಮುಖ್ಯ. ಈ ಸೆನ್ಸರ್ ನೋಡೋದು ಮೈಯ ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯೋದನ್ನ. ಅಡ್ಡ ಹಾದು ಹೋದವರನ್ನು ಬೇಗ ಹಿಡಿಯುತ್ತದೆ, ನೇರ ಅದರತ್ತಲೇ ನಡೆದು ಬಂದವರನ್ನು ತಡವಾಗಿ. 2ರಿಂದ 2.5 ಮೀಟರ್ ಎತ್ತರ ಸರಿ. ಅಲ್ಲಾಡೋ ಕೊಂಬೆ, ಬಿಸಿಗಾಳಿ ಬಿಡೋ ಏಸಿ ಡಬ್ಬಿ ಎದುರಿಗೆ ಬೇಡ. ಸೆಕೆ ಹೆಚ್ಚಿ ಹೊರಗಿನ ಗಾಳಿ ಮೈ ಬಿಸಿಯ ಹತ್ತಿರ ಬಂದ ರಾತ್ರಿಗಳಲ್ಲಿ ಅದರ ದೃಷ್ಟಿ ಮಂದ ಆಗುತ್ತದೆ, ಕೆಟ್ಟಿದೆ ಅಂತ ಬಿಚ್ಚಿಬಿಡಬೇಡಿ.

ಬಣ್ಣ: 3000 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಳಕು. ಈ ಅಂಕಿ ಏರಿದಷ್ಟೂ ಬೆಳಕು ಬಿಳಿ. ಅಚ್ಚ ಬಿಳಿಯ 6500 ಹಾಕಿದರೆ ಹುಳ ಜಾಸ್ತಿ, ಹುಳದ ಹಿಂದೆ ಜೇಡ, ಆಮೇಲೆ ಬಲೆ ತೆಗೆಯೋದೇ ಕೆಲಸ.

ಮೀಟರ್‌ಬೋರ್ಡ್:

@ಕತ್ತಲಪ್ರಿಯ, ಕ್ಯಾಮೆರಾ ಇರೋ ಕಡೆ 4000 ಹಾಕಿದರೂ ತಪ್ಪಿಲ್ಲ ಅನ್ನೋದು ನನ್ನ ಅಭಿಪ್ರಾಯ. ಸೋಡಿಯಂ ಬೆಳಕಿನಲ್ಲಿ ನೀಲಿ ಅಂಗಿಗೂ ಕಪ್ಪು ಅಂಗಿಗೂ ವ್ಯತ್ಯಾಸವೇ ಗೊತ್ತಾಗಲ್ಲ, ಬಣ್ಣ ತಿಳಿಯದ ಮೇಲೆ ಅಂಥ ಬೆಳಕಲ್ಲಿ ಕಂಡು ಏನು ಬಂತು?

ಕತ್ತಲಪ್ರಿಯ:

ಬಣ್ಣ ತಿಳಿಯೋದು ಸಿಆರ್‌ಐ ಮೇಲೆ (ಬೆಳಕಿನಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನೋ ಅಂಕ, ಪೂರ್ತಿ ಅಂದರೆ 100) ಸ್ವಾಮಿ, ಕೆಲ್ವಿನ್ ಮೇಲಲ್ಲ. 3000 ಕೆಲ್ವಿನ್‌ನಲ್ಲೂ 80 ಸಿಆರ್‌ಐ ಸಿಗುತ್ತದೆ. ಕೆಲ್ವಿನ್‌ಗಿಂತ ಕಣ್ಣು ಕುಕ್ಕೋದರ ಬಗ್ಗೆ ಚಿಂತೆ ಮಾಡಿ. ರಾತ್ರಿ ಗೇಟಿನ ಹತ್ತಿರ ನಿಂತು ಮನೆ ಕಡೆ ನೋಡಿ. ಆಮೇಲೆ ಅಂಗೈ ಎತ್ತಿ ಲೈಟೊಂದನ್ನು ಮಾತ್ರ ಮರೆ ಮಾಡಿ. ಅದುವರೆಗೆ ಕಾಣದಿದ್ದ ಮೂಲೆ, ತೊಟ್ಟಿಯ ಹಿಂಭಾಗ, ಸ್ಕೂಟರ್ ಪಕ್ಕದ ಸಂದಿ ಕಂಡುಬಿಟ್ಟರೆ ಆ ಲೈಟ್ ಕಾವಲು ಕಾಯುತ್ತಿಲ್ಲ, ಅಡಗೋಕೆ ಜಾಗ ಮಾಡಿಕೊಡುತ್ತಿದೆ ಅಂತ ಅರ್ಥ. ಮುಖ ನೆಲದ ಕಡೆಗೆ ಬಗ್ಗಿಸಿ, ವಾಟ್ ಇಳಿಸಿ.

ಹಿತ್ತಲಬಾಗಿಲು:

ಅಂಗೈ ಪರೀಕ್ಷೆ ಈಗಷ್ಟೇ ಮಾಡಿ ಬಂದೆ. ಹ್ಯಾಲೋಜನ್ ಮರೆ ಮಾಡಿದ ಕೂಡಲೇ ಕಾಂಪೌಂಡ್ ಮೂಲೆ ಪೂರ್ತಿ ಕಂಡಿತು!

ಸರಿ, ಮೊದಲು ಹಿಂದಿನ ಕಂಬಕ್ಕೆ 30 ವಾಟಿನದು, ಕತ್ತಲಾದರೆ ತಾನೇ ಹತ್ತೋ ಫೋಟೋಸೆಲ್ ಜೊತೆ. ಮುಂದಿನದು ಆಮೇಲೆ. ಇನ್ನೊಂದು ಕೇಳಬೇಕು, ಮುಂಬಾಗಿಲ ಮೇಲೆ ಈಗಾಗಲೇ ಇರೋ ಸಣ್ಣ ಎಲ್‌ಇಡಿ ಸ್ವಿಚ್ ಆಫ್ ಮಾಡಿದರೂ ಮಂದವಾಗಿ ಹೊಳೀತಾ ಇರುತ್ತದೆ. ಇದ್ಯಾಕೆ?

ಚೋಕ್‌ಕಟ್ಟೆ:

ಸ್ವಿಚ್‌ನಲ್ಲಿ ಪುಟ್ಟ ಕೆಂಪು ದೀಪ ಇದೆಯಾ? ಇದ್ದರೆ ಅದರ ಮೂಲಕ ಸೋರೋ ಕರೆಂಟೇ ಸಾಕು. ಇಲ್ಲದಿದ್ದರೆ ವೈರಿಂಗ್ ಮಾಡಿದವರು ಫೇಸ್ ಬದಲು ನ್ಯೂಟ್ರಲ್ ಅನ್ನು ಸ್ವಿಚ್ ಮೂಲಕ ತಂದಿರಬಹುದು. ಹಾಗಿದ್ದರೆ ಆಫ್ ಇದ್ದಾಗಲೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ, ಬಲ್ಬ್ ಬದಲಾಯಿಸೋವಾಗ ಅಪಾಯ. ಕಂಬದ ಕೆಲಸಕ್ಕೆ ಬರೋ ಎಲೆಕ್ಟ್ರಿಷಿಯನ್ ಹತ್ತಿರವೇ ಟೆಸ್ಟರ್ ಹಿಡಿಸಿ ನೋಡಿಸಿ.

ಫೋಟೋಸೆಲ್ ಆ ಲೈಟಿನದೇ ಬೆಳಕು ಬೀಳದ ಜಾಗದಲ್ಲಿ ಇರಲಿ. ಇಲ್ಲದಿದ್ದರೆ ಹತ್ತಿದ ಕೂಡಲೇ ಹಗಲಾಯಿತು ಅಂದುಕೊಂಡು ಆರಿಸುತ್ತದೆ, ಮತ್ತೆ ಹತ್ತಿಸುತ್ತದೆ. ಫಿಟಿಂಗ್ ಮೇಲೆ ಐಪಿ65 (ಧೂಳು, ನೀರಿನ ಸಿಂಚನ ಒಳಗೆ ಬಿಡದು ಅನ್ನೋ ಗುರುತು) ಇದ್ದರೂ ಕೇಬಲ್ ಮೇಲಿನಿಂದ ಒಳಗೆ ಬಿಡಬೇಡಿ. ಕೆಳಗಿನಿಂದ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯೋ ಮುಚ್ಚಳ) ಹಾಕಿ ಬಿಗಿಸಲಿ, ಅದಕ್ಕೂ ಮುಂಚೆ ತಂತಿಯನ್ನು ಸ್ವಲ್ಪ ಜೋಲು ಬಿಟ್ಟಿರಲಿ, ನೀರು ಆ ಜೋಲಿನ ತುದಿಯಿಂದ ಕೆಳಗೆ ತೊಟ್ಟಿಕ್ಕಿ ಹೋಗುತ್ತದೆ.