ಗೃಹಜ್ಯೋತಿಯ 200 ಯೂನಿಟ್ ಗಡಿ ಐದಾರು ಯೂನಿಟ್‌ನಲ್ಲಿ ತಪ್ಪುತ್ತಿದೆ, ಎಲ್ಲಿಂದ ಹುಡುಕಬೇಕು?

ತಿಂಗಳ_ಬಿಲ್ (ಪ್ರಶ್ನೆ)

ಬೆಂಗಳೂರು, ಬೆಸ್ಕಾಂ ಸಂಪರ್ಕ, ಮಂಜೂರಾದ ಲೋಡ್ 3 ಕಿಲೋವ್ಯಾಟ್, ಮನೆಯಲ್ಲಿ ನಾಲ್ಕು ಜನ. ಗೃಹಜ್ಯೋತಿಯಲ್ಲಿ ನಮ್ಮ ಅರ್ಹತೆ (ಉಚಿತವಾಗಿ ಸಿಗುವ ಮಿತಿ) 186 ಯೂನಿಟ್. ಕಳೆದ ಮೂರು ಬಿಲ್: 204, 211, 207.

ಇರೋ ಸಾಮಾನು: 25 ಲೀಟರ್ ಗೀಸರ್, 15 ವರ್ಷದ 240 ಲೀಟರ್ ಫ್ರಾಸ್ಟ್ ಫ್ರೀ ಫ್ರಿಜ್ (ಸ್ಟೆಬಿಲೈಸರ್ ಸಮೇತ), ಮೂರು ಹಳೇ ಫ್ಯಾನ್, ಟಿವಿ, ಸೆಟ್‌ಟಾಪ್ ಬಾಕ್ಸ್, ರೂಟರ್, ವಾಷಿಂಗ್ ಮಷೀನ್, ಸಂಪಿನಿಂದ ಟ್ಯಾಂಕಿಗೆ 1 ಎಚ್‌ಪಿ ಪಂಪು, 150 ಎಎಚ್ ಟ್ಯೂಬುಲರ್ ಬ್ಯಾಟರಿಯ ಯುಪಿಎಸ್. ಎಸಿ ಇಲ್ಲ. ದೀಪಗಳೆಲ್ಲ ಆಗಲೇ ಎಲ್‌ಇಡಿ.

ಮೊದಲು ಯಾವುದಕ್ಕೆ ಕೈ ಹಾಕಬೇಕು? ಫ್ಯಾನ್ ಬದಲಿಸಿ ಅಂತ ಒಬ್ಬರು, ಸಾಕೆಟ್ಟಿಗೆ ಹಾಕುವ ಪವರ್ ಸೇವರ್ ತಗೊಳ್ಳಿ ಅಂತ ಇನ್ನೊಬ್ಬರು ಹೇಳ್ತಾರೆ. ಇನ್ನೊಂದು ಕುತೂಹಲ: ಇಷ್ಟು ಉಳಿಸಿದರೆ ಮಾಲಿನ್ಯ ನಿಜಕ್ಕೂ ಕಡಿಮೆ ಆಗುತ್ತಾ?

ಫ್ಯೂಸ್_ಕ್ಯಾರಿಯರ್

ಮೊದಲು ದುಡ್ಡಿನ ಲೆಕ್ಕ ನೋಡಿ. 199ರಲ್ಲಿ ನಿಂತರೆ ಅರ್ಹತೆ ಮೀರಿದ 13 ಯೂನಿಟ್‌ನ ಹಣ, ನೂರು ರೂಪಾಯಿಯೊಳಗೆ ಮುಗೀತು. 207 ಆದರೆ 200ರ ಗಡಿ ದಾಟಿತು, ಪೂರ್ತಿ 207ಕ್ಕೂ ಕಟ್ಟಬೇಕು. 2025ರ ಏಪ್ರಿಲ್ ದರದಲ್ಲಿ ಯೂನಿಟ್‌ಗೆ 5.80, ವಿದ್ಯುತ್ ಸಿಬ್ಬಂದಿಯ ಪಿಂಚಣಿ ಬಾಬ್ತು 36 ಪೈಸೆ, ಕಿಲೋವ್ಯಾಟ್‌ಗೆ 145ರಂತೆ ನಿಗದಿತ ಶುಲ್ಕ, ಮೇಲೆ 9% ತೆರಿಗೆ. ಒಟ್ಟು 1,800 ರೂಪಾಯಿ ಆಸುಪಾಸು. ಅಂದರೆ ನೀವು ಹುಡುಕಬೇಕಾದ್ದು ಬರೀ 15–20 ಯೂನಿಟ್. ಅದಕ್ಕಾಗಿ ಹೊಸ ಸಾಮಾನು ಕೊಳ್ಳುವ ಮುಂಚೆ ಮೀಟರ್ ಮುಂದೆ ಹತ್ತು ನಿಮಿಷ ನಿಂತುಕೊಳ್ಳಿ.

ಮೀಟರ್ ಮುಖದ ಮೇಲೆ ಒಂದು ಕಿಲೋವ್ಯಾಟ್ ಅವರ್‌ಗೆ (ಅಂದರೆ ಒಂದು ಯೂನಿಟ್‌ಗೆ) 3200 ಇಂಪಲ್ಸ್ ಅಂತಲೋ 1600 ಅಂತಲೋ ಬರೆದಿರುತ್ತೆ, ಪಕ್ಕದಲ್ಲಿ ಮಿಣುಕುವ ಕೆಂಪು ದೀಪ. 3200 ಇದ್ದರೆ, ಒಂದು ಮಿಣುಕಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ 1125ನ್ನು ಅದರಿಂದ ಭಾಗಿಸಿ. ಬಂದದ್ದೇ ಆ ಹೊತ್ತಿಗೆ ಮನೆ ಎಳೆಯುತ್ತಿರುವ ವ್ಯಾಟ್. 1600 ಆದರೆ 2250ರಿಂದ ಶುರುಮಾಡಿ.

ರಾತ್ರಿ ಮಲಗೋ ಮುಂಚೆ ದೀಪ, ಫ್ಯಾನ್, ಗೀಸರ್ ಎಲ್ಲ ಆರಿಸಿ, ಫ್ರಿಜ್ ಪ್ಲಗ್ ಕಿತ್ತು ಅಳೆಯಿರಿ. ಫ್ರಿಜ್ ಬಿಡಬಾರದು, ಕಂಪ್ರೆಸರ್ ನಡುವೆ ಎದ್ದರೆ ಲೆಕ್ಕ ಕೆಡುತ್ತೆ. ಆಮೇಲೆ ರೂಟರ್ ಮತ್ತು ಸೆಟ್‌ಟಾಪ್ ಬಾಕ್ಸ್ ಕಿತ್ತು ಇನ್ನೊಮ್ಮೆ. ಕೊನೆಗೆ ಯುಪಿಎಸ್‌ಗೆ ಬರುವ ಸ್ವಿಚ್ ಆರಿಸಿ ಮತ್ತೊಮ್ಮೆ. ಆ ದಿನ ಕರೆಂಟ್ ಹೋಗಿರಬಾರದು, ಬ್ಯಾಟರಿ ತುಂಬಿರಬೇಕು. 24 ಗಂಟೆಯೂ ಓಡುವ ಪ್ರತಿ 10 ವ್ಯಾಟ್‌ಗೆ ತಿಂಗಳಿಗೆ 7.2 ಯೂನಿಟ್. ಇಡೀ ಮನೆ ಆರಿಸಿದ ಮೇಲೂ ದೀಪ ಬಿರುಸಾಗಿ ಮಿಣುಕಿದರೆ ಅದು ಕರೆಂಟ್ ಸೋರಿಕೆ, ಇಲ್ಲವೇ ಮೆಟ್ಟಿಲ ದೀಪವೋ ಪಕ್ಕದ ಮನೆಯ ಲೈನೋ ನಿಮ್ಮ ಮೀಟರ್‌ಗೆ ಸೇರಿಕೊಂಡಿದೆ. ಮೀಟರ್‌ನಲ್ಲಿ ‘ಇಎಲ್’ ದೀಪ ಹೊತ್ತಿದ್ದರೆ ಫೇಸು ಮತ್ತು ನ್ಯೂಟ್ರಲ್‌ನಲ್ಲಿ ಹರಿಯೋದು ಸಮ ಇಲ್ಲ ಅಂತ ಅರ್ಥ. ಅದಕ್ಕೆ ವಯರಿಂಗ್‌ನವರನ್ನೇ ಕರೆಸಿ.

ಬಿಸಿನೀರು

ಗೀಸರ್ ಬಗ್ಗೆ. 20 ಲೀಟರ್ ಬಕೆಟ್ಟಿನ ನೀರನ್ನು 22 ಡಿಗ್ರಿಯಿಂದ 42ಕ್ಕೆ ತರೋಕೆ 0.47 ಯೂನಿಟ್ ಬೇಕು. ಯಾವ ಕಂಪನಿ, ಎಷ್ಟು ಸ್ಟಾರ್ ಆದರೂ ಇದು ಬದಲಾಗಲ್ಲ, ನೀರಿನ ಗುಣ ಅದು. ನಾಲ್ಕು ಜನ ತಲೆಗೊಂದು ಬಕೆಟ್ ಅಂದರೆ ತಿಂಗಳಿಗೆ 56 ಯೂನಿಟ್. ಅದೇ ಶವರ್‌ನಲ್ಲಿ ನಿಮಿಷಕ್ಕೆ 9 ಲೀಟರ್‌ನಂತೆ ಆರು ನಿಮಿಷ ನಿಂತರೆ ಒಬ್ಬರಿಗೇ 1.25 ಯೂನಿಟ್. ನಾಲ್ವರಲ್ಲಿ ಒಬ್ಬರು ಶವರ್ ಬಿಟ್ಟು ಬಕೆಟ್ಟಿಗೆ ಬಂದರೂ ನೀವು ಹುಡುಕುತ್ತಿರೋ ಇಪ್ಪತ್ತು ಯೂನಿಟ್ ಅಲ್ಲೇ ಸಿಕ್ಕಿತು.

ಹಳೇ 25 ಲೀಟರ್ ಗೀಸರ್ ಇಡೀ ದಿನ ಆನ್ ಇದ್ದರೆ ಬರೀ ಬಿಸಿ ಕಾಯ್ದುಕೊಳ್ಳೋಕೆ ಅರ್ಧದಿಂದ ಒಂದು ಯೂನಿಟ್ ಹೋಗುತ್ತೆ. ಥರ್ಮೋಸ್ಟಾಟ್ 50–55ಕ್ಕೆ ಇಳಿಸಿ, ಸ್ನಾನಕ್ಕೆ 20 ನಿಮಿಷ ಮುಂಚೆ ಹಾಕಿ, ನಾಲ್ವರೂ ಒಬ್ಬರ ಹಿಂದೆ ಒಬ್ಬರು ಮುಗಿಸಿ. ಗೀಸರ್‌ನಿಂದ ನಲ್ಲಿಗೆ 10 ಮೀಟರ್ ಪೈಪಿದ್ದರೆ ಸುಮಾರು 3 ಲೀಟರ್ ಬಿಸಿನೀರು ಅದರಲ್ಲೇ ಉಳಿದು ತಣ್ಣಗಾಗುತ್ತೆ. ನಡುವೆ ಗಂಟೆಗಟ್ಟಲೆ ಬಿಡುವಾದರೆ ಪ್ರತಿ ಸಲವೂ ಅಷ್ಟು ನಷ್ಟ.

ಬೋರ್ ನೀರಿನ ಸುಣ್ಣ ಕಟ್ಟಿ ಬಿಲ್ ಏರುತ್ತೆ ಅನ್ನೋದು ಅಷ್ಟು ಸರಿಯಲ್ಲ. ಕಾಯಿಲ್ ಕೊಟ್ಟ ಬಿಸಿ ಕೊನೆಗೆ ನೀರಿಗೇ ಸೇರುತ್ತೆ, ತಡವಾಗುತ್ತೆ ಅಷ್ಟೆ. ಹಾಳಾಗೋದು ಕಾಯಿಲ್: ಪದರದೊಳಗೆ ಅತಿಯಾಗಿ ಕಾದು ಸೀಳುತ್ತೆ, ಅಲ್ಲಿಂದ ಕರೆಂಟ್ ಸೋರಿಕೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಒಳಗೆ ಇಟ್ಟಿರುವ ಮೆಗ್ನೀಷಿಯಂ ರಾಡ್ ಒಂದೆರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಿ.

ಓದುವ ಬೇರೆಯವರಿಗೂ ಒಂದು ಮಾತು: ಸೋಲಾರ್ ಹೀಟರ್ ಇದ್ದೂ ಬಿಲ್ ಏರಿದರೆ ಟ್ಯಾಂಕಿನ ಬ್ಯಾಕಪ್ ಕಾಯಿಲ್ ಸ್ವಿಚ್ ನೋಡಿ. ಮೋಡದ ದಿನ ಹಾಕಿ ಮರೆತಿರ್ತಾರೆ. 100 ಲೀಟರನ್ನು 60 ಡಿಗ್ರಿಗೆ ಏರಿಸೋಕೆ ಒಂದೇ ಸಲಕ್ಕೆ ನಾಲ್ಕೂವರೆ ಯೂನಿಟ್.

ವೈಂಡಿಂಗ್_ಅಂಗಡಿ

ಪವರ್ ಸೇವರ್ ಡಬ್ಬಿಗೆ ದುಡ್ಡು ಹಾಕಬೇಡಿ. ಒಳಗಿರೋದು ಒಂದು ಕೆಪಾಸಿಟರು, ಒಂದು ದೀಪ. ಅದು ಪವರ್ ಫ್ಯಾಕ್ಟರ್ ಸ್ವಲ್ಪ ಸರಿಮಾಡಬಹುದು, ಆದರೆ ಮನೆ ಬಿಲ್ ಬರೋದು ಕಿಲೋವ್ಯಾಟ್ ಅವರ್ ಮೇಲೆ. ಆ ದೀಪ ಉರಿಯೋದೂ ನಿಮ್ಮ ಲೆಕ್ಕದಲ್ಲೇ.

ಫ್ಯಾನ್: ಹಳೇದು ಪೂರ್ತಿ ವೇಗದಲ್ಲಿ 75 ವ್ಯಾಟ್, ಬಿಎಲ್‌ಡಿಸಿ (ಕಮ್ಮಿ ಕರೆಂಟ್ ಎಳೆಯುವ ಹೊಸ ಬಗೆಯ ಮೋಟರಿನದು) 30ರ ಹತ್ತಿರ. ದಿನಕ್ಕೆ ಹತ್ತು ಗಂಟೆ ಓಡಿದರೆ ಒಂದು ಫ್ಯಾನ್‌ನಿಂದ ತಿಂಗಳಿಗೆ 13.5 ಯೂನಿಟ್ ಉಳಿತಾಯ. ಮೂರನ್ನೂ ಬದಲಿಸೋ ಅಗತ್ಯ ಇಲ್ಲ, ರಾತ್ರಿಯಿಡೀ ತಿರುಗೋ ಬೆಡ್‌ರೂಮಿನದು ಮೊದಲು. ಗೋಡೆಯ ರೆಗ್ಯುಲೇಟರ್ ಬೈಪಾಸ್ ಮಾಡಿಸಿ ನೇರ ಸಪ್ಲೈ ಕೊಡಿಸಬೇಕು, ಇಲ್ಲದಿದ್ದರೆ ಬಿಎಲ್‌ಡಿಸಿ ಬೋರ್ಡ್ ಬೇಗ ಕೈಕೊಡುತ್ತೆ. ಹಳೇ ಫ್ಯಾನ್ ನಿಧಾನ ತಿರುಗ್ತಿದ್ದರೆ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿ. ಗಾಳಿ ಸರಿಯಾಗಿ ಬಂದರೆ ಒಂದು ಪಾಯಿಂಟ್ ಕಮ್ಮಿಯಲ್ಲೇ ಸಾಕಾಗುತ್ತೆ.

ಪಂಪು: 1 ಎಚ್‌ಪಿ ಅಂದರೆ ಲೈನಿನಿಂದ ಎಳೆಯೋದು 1.1 ಕಿಲೋವ್ಯಾಟ್‌ನಷ್ಟು. ಎರಡು ಮಹಡಿಗೆ 1000 ಲೀಟರ್ ಟ್ಯಾಂಕ್ 20 ನಿಮಿಷದ ಒಳಹೊರಗೆ ತುಂಬಬೇಕು. 40 ಆಗ್ತಿದ್ದರೆ ಫುಟ್‌ವಾಲ್ವ್ (ಸಂಪಿನೊಳಗಿನ ಪೈಪಿನ ತುದಿಯ ವಾಲ್ವ್) ಜಾಲರಿಯಲ್ಲಿ ಕಸ, ಸಕ್ಷನ್ ಜಾಯಿಂಟ್‌ನಲ್ಲಿ ಗಾಳಿ, ಇಲ್ಲವೇ ನೀರು ತಳ್ಳುವ ಚಕ್ರ, ಇಂಪೆಲ್ಲರ್, ಸವೆದಿದೆ. ಪ್ರತಿ ಸಲ ನೀರು ಹೊಯ್ದು ಪ್ರೈಮ್ ಮಾಡಬೇಕಾಗ್ತಿದ್ದರೆ ಮೊದಲು ಫುಟ್‌ವಾಲ್ವ್ ನೋಡಿ.

ತಿಂಗಳ_ಬಿಲ್

ಮೀಟರ್ 3200ರದು. ಫ್ರಿಜ್ ಪ್ಲಗ್ ಕಿತ್ತು, ಎಲ್ಲ ಆರಿಸಿದಾಗ 13 ಸೆಕೆಂಡಿಗೊಂದು ಮಿಣುಕು. ರೂಟರ್, ಸೆಟ್‌ಟಾಪ್ ಬಾಕ್ಸ್ ಕಿತ್ತ ಮೇಲೆ 18. ಯುಪಿಎಸ್ ಆರಿಸಿದ ಮೇಲೆ 70. ಇಎಲ್ ದೀಪ ಇಲ್ಲ.

ಫ್ಯೂಸ್_ಕ್ಯಾರಿಯರ್

ಸಿಕ್ಕಿತು. 86 ವ್ಯಾಟ್, 62, 16. ಯುಪಿಎಸ್ ಒಂದೇ 46 ವ್ಯಾಟ್ ಎಳೀತಿದೆ, ತಿಂಗಳಿಗೆ 33 ಯೂನಿಟ್. ಬ್ಯಾಟರಿ ತುಂಬಿದ ಮೇಲೆ 10–20 ವ್ಯಾಟ್‌ನಲ್ಲಿ ಇರಬೇಕಾದ್ದು. ಮಿಕ್ಕ 16ರಲ್ಲಿ ಹೆಚ್ಚಿನದು ಫ್ರಿಜ್ ಸ್ಟೆಬಿಲೈಸರ್ ಮತ್ತು ಟಿವಿಯ ಸ್ಟ್ಯಾಂಡ್‌ಬೈ ಇರಬೇಕು.

ಕರೆಂಟ್ ಹೋಗದ ದಿನ ಬೆಳಿಗ್ಗೆ ಬ್ಯಾಟರಿ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿಯಿರಿ. 13.5ರಿಂದ 13.8 ವೋಲ್ಟ್ ಇದ್ದರೆ ಚಾರ್ಜರ್ ಫ್ಲೋಟ್‌ಗೆ (ತುಂಬಿದ ಬ್ಯಾಟರಿಯನ್ನು ಹಾಗೇ ಕಾಯ್ದುಕೊಳ್ಳೋ ಹಂತಕ್ಕೆ) ಬಂದಿದೆ. 14.4ರಲ್ಲೇ ನಿಂತಿದ್ದರೆ ಬಂದಿಲ್ಲ. 13ರ ಕೆಳಗೇ ಇದ್ದು ಬ್ಯಾಟರಿ ಬೆಚ್ಚಗಿದ್ದರೆ ಒಂದು ಸೆಲ್ ಶಾರ್ಟ್ ಆಗಿರೋ ಸಾಧ್ಯತೆ ಹೆಚ್ಚು. ಆಸಿಡ್‌ನ ಸಾಂದ್ರತೆ ಅಳೆಯೋ ಹೈಡ್ರೋಮೀಟರ್‌ನಲ್ಲಿ ಆರೂ ಸೆಲ್ ನೋಡಿ: ತುಂಬಿದಾಗ 1.220–1.240 ಬರಬೇಕು. ಐದು ಸರಿಯಿದ್ದು ಒಂದು ಮಾತ್ರ 1.150ರಲ್ಲಿದ್ದರೆ ಬ್ಯಾಟರಿ ಬದಲಿಸೋದೇ ದಾರಿ. ಆರೂ ಒಂದೇ ಸಮ ಕಮ್ಮಿ ಇದ್ದರೆ ಯುಪಿಎಸ್ ಚಾರ್ಜಿಂಗ್ ಕಡೆ ನೋಡಿಸಿ. ನೀರು ಗುರುತಿನ ಕೆಳಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಫಿಲ್ಟರ್ ನೀರು ಬೇಡವೇ ಬೇಡ. ಕೈಗೆ ಗ್ಲೌಸ್, ಹತ್ತಿರ ಬೆಂಕಿಕಡ್ಡಿ ಗೀರಬೇಡಿ.

ಯುಪಿಎಸ್ಸನ್ನೇ ಆರಿಸಿಡೋಣ ಅಂದ್ಕೊಳ್ಳಬೇಡಿ. ಚಾರ್ಜ್ ಇಳಿದ ಬ್ಯಾಟರಿ ವಾರಗಟ್ಟಲೆ ನಿಂತರೆ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಬೇಗ ಸಾಯುತ್ತೆ. ಸೆಟ್‌ಟಾಪ್ ಬಾಕ್ಸ್ ಮಾತ್ರ ಗೋಡೆ ಸ್ವಿಚ್‌ನಲ್ಲೇ ಆರಿಸಿ. ರಿಮೋಟ್‌ನಲ್ಲಿ ಆರಿಸಿದರೂ ಅದು ಹೆಚ್ಚುಕಮ್ಮಿ ಅಷ್ಟೇ ಎಳೆಯುತ್ತೆ.

ಶಕ್ತಿನಗರ_ಸಂಜೆ

ಮಾಲಿನ್ಯದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ದೇಶದ ಗ್ರಿಡ್‌ನಲ್ಲಿ ಸರಾಸರಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. 30 ಯೂನಿಟ್ ಉಳಿಸಿದರೆ ತಿಂಗಳಿಗೆ 21 ಕೆಜಿ.

ಆದರೆ ಕರ್ನಾಟಕದಲ್ಲಿ ಯಾವ ಹೊತ್ತಿನ ಯೂನಿಟ್ ಅನ್ನೋದೂ ಮುಖ್ಯ. ಮಧ್ಯಾಹ್ನ ಪಾವಗಡದ 2,050 ಮೆಗಾವ್ಯಾಟ್ ಸೇರಿ ಸೋಲಾರ್ ಧಾರಾಳ ಇರುತ್ತೆ. ಸೂರ್ಯ ಮುಳುಗಿದ ಮೇಲೆ ಬೇಡಿಕೆ ಹೊರೋದು ಶರಾವತಿಯಂಥ ಜಲವಿದ್ಯುತ್ತು, ಜೊತೆಗೆ ರಾಯಚೂರು, ಬಳ್ಳಾರಿ, ಯರಮರಸ್‌ನ ಕಲ್ಲಿದ್ದಲು ಘಟಕಗಳು. ಹಾಗಾಗಿ ಪಂಪು, ವಾಷಿಂಗ್ ಮಷೀನು, ಇಸ್ತ್ರಿ 11ರಿಂದ 3ರೊಳಗೆ ಮುಗಿಸಿ. ಮನೆ ದರ ದಿನವಿಡೀ ಒಂದೇ ಆದ್ದರಿಂದ ಬಿಲ್‌ನಲ್ಲಿ ಒಂದು ಪೈಸೆಯೂ ವ್ಯತ್ಯಾಸ ಕಾಣಲ್ಲ, ಹೊಗೆ ಕಮ್ಮಿಯಾಗುತ್ತೆ. ಬೆಳಿಗ್ಗೆ ಆರು ಗಂಟೆಯ ಗೀಸರ್ ಕಡಿತಕ್ಕೂ ಇದೇ ಕಾರಣಕ್ಕೆ ಬೆಲೆ ಹೆಚ್ಚು, ಆಗ ಸೋಲಾರ್ ಇನ್ನೂ ಎದ್ದಿರಲ್ಲ.

ವೈಂಡಿಂಗ್_ಅಂಗಡಿ

ಫ್ರಿಜ್ ಮರೆತೇಬಿಟ್ಟೆವು. ಬಾಗಿಲ ಸಂದಿಗೆ ನೋಟೊಂದನ್ನು ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಹೋಗಿದೆ. ಫ್ರೀಜರ್ ಹಿಂಗೋಡೆಯಲ್ಲಿ ಮಂಜು ಗಟ್ಟಿಯಾಗಿ ಕೂತಿದ್ದರೆ ಡಿಫ್ರಾಸ್ಟ್ ಹೀಟರ್, ಬೈಮೆಟಲ್ ಅಥವಾ ಟೈಮರ್ ಕೆಟ್ಟು ಕಂಪ್ರೆಸರ್ ಬಿಡುವಿಲ್ಲದೆ ಓಡ್ತಿರುತ್ತೆ. ಅದು ರಿಪೇರಿ ಆಗೋ ಸಮಸ್ಯೆ. ಎರಡೂ ಸರಿಯಿದ್ದರೆ ಪ್ಲಗ್‌ಗೆ ಹಾಕೋ ಎನರ್ಜಿ ಮೀಟರ್‌ನಲ್ಲಿ 24 ಗಂಟೆ ಅಳೆದು ನೋಡಿ. ಈ ಅಳತೆಯ ಹೊಸ ಫ್ರಿಜ್ ಅರ್ಧ ಯೂನಿಟ್ಟಿನ ಸುತ್ತಮುತ್ತ ತಗೊಳ್ಳುತ್ತೆ. ನಿಮ್ಮದು ಒಂದೂವರೆ ದಾಟಿದ್ದರೆ ಬ್ಯಾಟರಿ ಆದ ಮೇಲೆ ಅದರ ಸರದಿ. ಹೊಸದು ತರುವಾಗ ಸ್ಟೆಬಿಲೈಸರ್ ಬೇಕಿಲ್ಲದ ಮಾಡೆಲ್ ಕೇಳಿ.