ರೇಡಿಯಾಲಜಿ ಸ್ಪಾಟರ್ಸ್‌ಗೆ (ಎಕ್ಸ್‌ರೇ, ಸಿಟಿ ನೋಡಿ ಏನಾಗಿದೆ ಅಂತ ಗುರುತಿಸುವ ಪರೀಕ್ಷೆ) ತಲೆಯಿಂದ ಕಾಲಿನವರೆಗೆ ಹೇಗೆ ತಯಾರಾದಿರಿ?

ಹಾಸನದ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿನಿ), ಎರಡನೇ ವರ್ಷ:
ಕಳೆದ ವಾರ ನಮಗೆ ಸ್ಪಾಟರ್ಸ್ ಇತ್ತು. ಎದೆ, ಹೊಟ್ಟೆ, ತಲೆ, ಮೂಳೆ ಎಲ್ಲಾ ಬೆರೆಸಿ ಇಟ್ಟಿದ್ದರು. ತಲೆಯ ಸಿಟಿ ಸರಿಯಾಗಿ ಹೇಳಿದೆ. ಆಮೇಲೆ ಹಿಮ್ಮಡಿ ಎಕ್ಸ್‌ರೇ ಬಂತು. ಸಕಲೇಶಪುರದ ಕಡೆ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರದ್ದು. ಮೂಳೆ ಮುರಿದಿದೆ ಅಂತ ಹೇಳಿ ನಿಲ್ಲಿಸಿದೆ. "ಮುಂದೆ ಏನು ನೋಡ್ತೀಯಮ್ಮ?" ಅಂದರು ಮೇಡಂ. ಏನೂ ಹೊಳೆಯಲಿಲ್ಲ. ರಾತ್ರಿಯೆಲ್ಲಾ ಅದೇ ಕಾಡಿತು.

ಮಲೆನಾಡಿನ ಸೀನಿಯರ್:
ಬೆನ್ನುಮೂಳೆ ನೋಡಬೇಕಮ್ಮ! ಎತ್ತರದಿಂದ ಕಾಲೂರಿ ಬಿದ್ದಾಗ ಹೊಡೆತ ಹಿಮ್ಮಡಿಯಿಂದ ನೇರ ಸೊಂಟದ ಮೇಲಕ್ಕೆ ಹೋಗುತ್ತೆ. ಇನ್ನೊಂದು ಹಿಮ್ಮಡಿಯನ್ನೂ ಬಿಡಬೇಡಿ. ಬೋಲರ್ ಕೋನ (ಹಿಮ್ಮಡಿ ಮೂಳೆಯ ಮೇಲಂಚಿನ ಎರಡು ಗೆರೆಗಳ ನಡುವಿನ ಕೋನ) ಅಳೆಯಿರಿ. ಸಾಮಾನ್ಯವಾಗಿ 20ರಿಂದ 40 ಡಿಗ್ರಿ ಇರುತ್ತೆ, ಮೂಳೆ ಕುಸಿದರೆ ಕಡಿಮೆಯಾಗುತ್ತೆ. ನಮ್ಮ ತೋಟದ ಊರುಗಳಲ್ಲಿ ಇಂಥ ಕೇಸ್ ಜಾಸ್ತಿ. ಇದನ್ನು ಬರೀ ಪರೀಕ್ಷೆಗೆ ಅಂತ ಓದಬೇಡಿ.

ಚಿಕ್ಕಮಗಳೂರಿನಿಂದ:
ಹೊಟ್ಟೆಗೆ 3-6-9 ನೆನಪಿಡಿ. ಅಗಲದಲ್ಲಿ ಸಣ್ಣ ಕರುಳು 3 ಸೆಂ.ಮೀ., ದೊಡ್ಡ ಕರುಳು 6, ಸೀಕಮ್ (ದೊಡ್ಡ ಕರುಳು ಶುರುವಾಗುವ ಚೀಲದಂಥ ಭಾಗ) 9. ದಾಟಿದರೆ ಉಬ್ಬಿದೆ ಅಂತ ಅರ್ಥ. ಎದೆಯ ಫಿಲ್ಮ್‌ನಲ್ಲಿ ಶ್ವಾಸಕೋಶದ ತುದಿ, ಹೃದಯದ ಹಿಂದೆ, ವಪೆಯ ಕೆಳಗೆ ಮತ್ತೊಮ್ಮೆ ಕಣ್ಣಾಡಿಸಿ. ನಾವು ತಪ್ಪುವುದು ಅಲ್ಲೇ ಅಲ್ವಾ?

ಹಾಸನದ ಪಿಜಿ:
ತುಂಬಾ ಥ್ಯಾಂಕ್ಸ್ ಸರ್. ಇವತ್ತು ಡ್ಯೂಟಿಯಲ್ಲಿ ಇನ್ನೊಂದು ಹಿಮ್ಮಡಿ ಬಂತು. ಮೊದಲು ಬೆನ್ನಿನ ಫಿಲ್ಮ್ ತೆಗೆಸಿದೆ.