ಹೊಗಳಿಕೆಯ ಲೆಕ್ಕಪತ್ರ

ಎಲೆಕ್ಟ್ರಿಕ್ ಗಿಟಾರಿಗೆ ಜಿಮಿ ಹೆಂಡ್ರಿಕ್ಸ್ ಹೇಗೋ ವಿದ್ಯುತ್ತಿಲ್ಲದೆ ನುಡಿಯುವ ಅಕೂಸ್ಟಿಕ್ ಗಿಟಾರಿಗೆ ಸ್ಕಾಟ್ಲೆಂಡಿನ ವಾದಕ ಬರ್ಟ್ ಜಾನ್ಶ್ ಹಾಗೆ ಎಂದು ಕೆನಡಾದ ಗಾಯಕ ನೀಲ್ ಯಂಗ್ ಹೇಳಿದ್ದಾರೆ ಎಂಬುದನ್ನು ನಮ್ಮ ಮೇಷ್ಟ್ರು ಬಹಳ ಗೌರವದಿಂದ ತಿಳಿಸಿದರು. ಬ್ಯಾಂಕಿನಿಂದ ನಿವೃತ್ತರಾದ ರಾಯರಿಗೆ ಆ ಗೌರವ ಸ್ವಲ್ಪವೂ ತಟ್ಟಲಿಲ್ಲ.

"ಒಬ್ಬ ಕಲಾವಿದನನ್ನು ಹೊಗಳುವುದಕ್ಕೆ ಇನ್ನೊಬ್ಬನ ಜಾಮೀನು ಏಕೆ ಬೇಕು?" ಎಂದು ಅವರು ಆಕ್ಷೇಪಿಸಿದರು. "ನಮ್ಮಲ್ಲಿಯೂ ಇದೇ ಕಥೆ. ಹುಡುಗನೊಬ್ಬ ನಾಲ್ಕು ಕಚೇರಿ ಮಾಡುವಷ್ಟರಲ್ಲಿ ಹಿರಿಯರ ಹೆಸರಿನ ಹಿಂದೆ 'ಅಭಿನವ' ಸೇರಿಸಿ ಶಾಲು ಹೊದಿಸಿಬಿಡುತ್ತೇವೆ. ಆಮೇಲೆ ಅವನು ಜೀವನಪರ್ಯಂತ ಅದರ ಬಡ್ಡಿ ಕಟ್ಟುತ್ತಿರಬೇಕು."

ಮೇಷ್ಟ್ರು ಸೋಲುವವರಲ್ಲ. 1943ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ಬೆಳೆದ ಜಾನ್ಶ್ ಶಾಲೆ ಬಿಟ್ಟ ಮೇಲೆ ಸಸ್ಯಪಾಲನೆಯ ಕೆಲಸಕ್ಕೆ ಸೇರಿದ್ದನ್ನೂ, ಅಲ್ಲಿನ ಜಾನಪದ ಗಾಯನದ ಕ್ಲಬ್ಬಿನಲ್ಲಿ ಗಿಟಾರ್ ಕಲಿತು ಲಂಡನ್ನಿಗೆ ಬಂದದ್ದನ್ನೂ ಅವರು ವಿವರಿಸಿದರು. 1965ರಲ್ಲಿ ಬಂದ ಮೊದಲ ಆಲ್ಬಮ್ಮು ಸ್ಟುಡಿಯೋದಲ್ಲಿ ಆದದ್ದಲ್ಲ. ಬಿಲ್ ಲೀಡರ್ ಎಂಬ ಧ್ವನಿಮುದ್ರಕರ ಮನೆಯಲ್ಲಿ, ಟೇಪ್ ರೆಕಾರ್ಡರಿನ ಮುಂದೆ, ಎರವಲು ತಂದ ಗಿಟಾರಿನಲ್ಲಿ ನುಡಿಸಿ ಹಾಡಿದ್ದು. ವಿಮರ್ಶಕರು ಇಂದಿಗೂ ಕೊಂಡಾಡುವ ಆ ಆಲ್ಬಮ್ಮನ್ನು ಕಂಪನಿಯು 100 ಪೌಂಡಿಗೆ, ಒಂದೇ ಗಂಟಿನಲ್ಲಿ, ರಾಯಲ್ಟಿಯ ಮಾತೇ ಇಲ್ಲದೆ ಕೊಂಡುಕೊಂಡಿತು.

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಹಾಗೆ ಮಾಡಿದರೆಂದರೆ ಯಾವನೋ ಕೆಟ್ಟ ಸಾಲಗಾರನ ಕಡತ ಕಣ್ಣ ಮುಂದೆ ಬಂದಿದೆ ಎಂದೇ ಅರ್ಥ. "ಗಿಟಾರ್ ಸಾಲದ್ದು, ಮನೆ ಪರರದ್ದು, ಹೊಗಳಿಕೆ ಹೆಂಡ್ರಿಕ್ಸನದ್ದು. ಇವನ ಸ್ವಂತದ್ದು ಏನಾದರೂ ಇತ್ತೆ?" ಎಂದರು.

ಉತ್ತರವಾಗಿ ಮೇಷ್ಟ್ರು ಫೋನಿನಲ್ಲಿ 'ಬ್ಲ್ಯಾಕ್‌ವಾಟರ್‌ಸೈಡ್' ಹಾಕಿದರು. ಇದು ಐರ್ಲೆಂಡಿನ ಹಳೆಯ ಹಾಡು. ಗಾಯಕಿ ಆ್ಯನ್ ಬ್ರಿಗ್ಸ್ ಅವರಿಂದ ಕಲಿತ ಇದನ್ನು ಜಾನ್ಶ್ 1966ರ ಆಲ್ಬಮ್ಮಿನಲ್ಲಿ ಹಾಡಿದ್ದಾರೆ. ಅತ್ಯಂತ ದಪ್ಪನೆಯ ತಂತಿಯ ಶ್ರುತಿಯನ್ನು ಒಂದು ಸ್ವರ ಇಳಿಸಿಕೊಂಡು, ಹೆಬ್ಬೆರಳಿನಲ್ಲಿ ಕೆಳಗಿನ ನಡೆಯನ್ನು ಬಿಡದೆ ಹಿಡಿದು, ಉಳಿದ ಬೆರಳುಗಳಿಂದ ಮೇಲಿನ ತಂತಿಗಳಲ್ಲಿ ಬೇರೊಂದು ರಾಗವನ್ನೇ ಹೆಣೆಯುತ್ತ ಹೋಗುವಾಗ, ಗಿಟಾರ್ ಹಾಡಿಗೆ ಪಕ್ಕವಾದ್ಯವಾಗಿ ಉಳಿಯುವುದಿಲ್ಲ. ಹಾಡುವವನ ಜೊತೆ ತಕರಾರು ತೆಗೆಯುತ್ತದೆ. ಕಂಠ ಮಾತ್ರ ಒರಟು. ಎದುರಿಗೆ ಜನ ಕುಳಿತಿದ್ದಾರೆಂಬ ನೆನಪೇ ಇಲ್ಲದವನ ಕಂಠ ಅದು, ಮತ್ತು ನನಗೆ ಕೇಳಿದರೆ ಆ ಬೆರಳುಗಳಿಗೆ ಸರಿಹೊಂದುವ ಕಂಠ ಅದೊಂದೇ.

ಅಲ್ಲಿಯವರೆಗೆ ಸುಮ್ಮನಿದ್ದ ವಕೀಲರು ನೆಟ್ಟಗೆ ಕುಳಿತರು. ಇದೇ ನುಡಿಸಾಣಿಕೆಯನ್ನು ತಾವು ಬೇರೆಲ್ಲೋ ಕೇಳಿರುವುದಾಗಿ ಹೇಳಿದರು. ಕೇಳಿದ್ದು ನಿಜವೇ. 1969ರಲ್ಲಿ ಬಂದ ಲೆಡ್ ಜೆಪ್ಲಿನ್ ಎಂಬ ರಾಕ್ ತಂಡದ ಮೊದಲ ಆಲ್ಬಮ್ಮಿನಲ್ಲಿ 'ಬ್ಲ್ಯಾಕ್ ಮೌಂಟನ್ ಸೈಡ್' ಎಂಬ ವಾದ್ಯಕೃತಿಯಿದೆ. ಅದಕ್ಕೆ ತಬಲಾ ನುಡಿಸಿದವರು ವಿರಾಮ್ ಜಸಾನಿ. ರಚನೆ ತಂಡದ ಗಿಟಾರ್ ವಾದಕ ಜಿಮಿ ಪೇಜ್ ಅವರದೆಂದು ಮುದ್ರಿತವಾಗಿದೆ. ಜಾನ್ಶ್ ಅವರ ಹೆಸರು ಎಲ್ಲಿಯೂ ಇಲ್ಲ. ತಮಗೆ ಒಂದು ಕಾಲಕ್ಕೆ ಜಾನ್ಶ್ ಹುಚ್ಚು ಹಿಡಿದಿತ್ತೆಂದು ಪೇಜ್ ಅವರೇ ಹೇಳಿಕೊಂಡದ್ದುಂಟು.

"ಹಾಗಾದರೆ ದಾವೆ ಹೂಡಲಿಲ್ಲವೆ?" ಎಂದು ರಾಯರು ಕೇಳಿದರು.

"ಹೂಡಿ ಪ್ರಯೋಜನವೇನು? ಮೂಲ ಧಾಟಿ ಜಾನಪದದ್ದು, ಯಾರ ಆಸ್ತಿಯೂ ಅಲ್ಲ. ಇವನದೆನ್ನಬಹುದಾದದ್ದು ಬೆರಳಿನ ನಡೆ ಮಾತ್ರ. ಅದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವ ಹೊತ್ತಿಗೆ ನನ್ನಂಥವರ ಶುಲ್ಕಕ್ಕೆ ಆ 100 ಪೌಂಡು ಎರಡು ವಾಯಿದೆಗೂ ಸಾಲದು," ಎಂದು ವಕೀಲರು ಸ್ವಪಕ್ಷದ ಮೇಲೆ ಯಾವ ಕನಿಕರವನ್ನೂ ತೋರದೆ ನುಡಿದರು. ಆದರೆ ಒಂದು ಮಾತು ಸೇರಿಸಿದರು: ಪತ್ರಿಕೆಯಲ್ಲಿ ಬರೆದ ವಿಮರ್ಶೆಗಿಂತ ಇಂತಹ ಅಪಹರಣವೇ ದೊಡ್ಡ ಪ್ರಶಂಸೆ, ಏಕೆಂದರೆ ವಿಮರ್ಶಕ ಕೇಳದೆಯೂ ಬರೆಯಬಲ್ಲ, ಕದಿಯುವವನು ಮಾತ್ರ ನೂರು ಸಲ ಕೇಳಲೇಬೇಕು.

ಅದು ನನಗೂ ಒಪ್ಪಿಗೆಯಾಯಿತು. ಜಾನ್ಶ್ ಅವರಿಗೆ ಪ್ರಶಸ್ತಿಗಳೇನೋ ಬಂದವು, 2001ರಲ್ಲಿ ಬಿಬಿಸಿ ರೇಡಿಯೋ 2 ಜೀವಮಾನ ಸಾಧನೆಯ ಗೌರವವನ್ನು ಕೊಟ್ಟಿತು, ಆಮೇಲೆ ಗೌರವ ಡಾಕ್ಟರೇಟೂ ದೊರೆಯಿತು. ಅಷ್ಟರಲ್ಲಿ ಅವರ ಬೆರಳುಗಳು ಮೂರು ತಲೆಮಾರಿನ ಗಿಟಾರ್ ವಾದಕರ ಕೈಗಳಲ್ಲಿ ಓಡಾಡಿ ಬಂದಿದ್ದವು.

ರಾಯರಿಗೆ ಇನ್ನೂ ಸಮಾಧಾನವಿರಲಿಲ್ಲ. ಆಗ ಮೇಷ್ಟ್ರು ಬಚ್ಚಿಟ್ಟುಕೊಂಡಿದ್ದ ಸಂಗತಿಯನ್ನು ಹೊರಗೆ ತೆಗೆದರು. ಹೆಂಡ್ರಿಕ್ಸನ ಜಾಮೀನು ಕೊಟ್ಟ ಅದೇ ನೀಲ್ ಯಂಗ್, 1974ರ ತಮ್ಮ 'ಆ್ಯಂಬುಲೆನ್ಸ್ ಬ್ಲೂಸ್' ಹಾಡಿನ ಧಾಟಿ ಜಾನ್ಶ್ ಅವರ 'ನೀಡಲ್ ಆಫ್ ಡೆತ್'ನಿಂದ ತಮಗೆ ಅರಿವಿಲ್ಲದೆಯೇ ಬಂದದ್ದೆಂದು ತಾವಾಗಿ ಒಪ್ಪಿಕೊಂಡರು. ಮುಂದೆ 2010ರಲ್ಲಿ ತಮ್ಮ ಕಛೇರಿಗಳ ಆರಂಭದಲ್ಲಿ ನುಡಿಸಲು ಜಾನ್ಶ್ ಅವರನ್ನೇ ಕರೆಸಿಕೊಂಡರು. ಜಾನ್ಶ್ ತೀರಿಕೊಂಡದ್ದು ಅದರ ಮರುವರ್ಷ, ಅಕ್ಟೋಬರ್ 5ರಂದು.

"ಇದು ತಪ್ಪೊಪ್ಪಿಗೆಯ ಹೇಳಿಕೆ. ಸಾಕ್ಷಿ ಬೇಕಿಲ್ಲ," ಎಂದು ವಕೀಲರು ತೀರ್ಪಿತ್ತರು.

"ಇರಬಹುದು," ಎಂದ ರಾಯರು ಬೆರಳು ಮಡಚಿ ಎಣಿಸತೊಡಗಿದರು. "1974ರಿಂದ 2010ಕ್ಕೆ ಮೂವತ್ತಾರು ವರ್ಷ. ಸರಳ ಬಡ್ಡಿಯೋ, ಚಕ್ರಬಡ್ಡಿಯೋ, ಅದನ್ನು ಮೊದಲು ಹೇಳಿ."